ಮರೆವ್ವ ಹೇಳಿದ ಹೂಳಿನ ಮಾತು

ಬೈಲಹೊಂಗಲದ ನಮ್ಮ ಆಸ್ಪತ್ರೆಯಲ್ಲಿ ಡಾಕ್ಟರು ಒಮ್ಮೆ ಹೇಳುತ್ತಾರೆ, ಆಯಾ ಮರೆವ್ವ ಇನ್ನೊಮ್ಮೆ ಹೇಳುತ್ತಾಳೆ. ಜನ ನಂಬುವುದು ಎರಡನೆಯದನ್ನು. ನರ್ಸಿಂಗ್ ಓದಿ ಬಂದ ನನಗೆ ಇದರಿಂದ ಮೈ ಉರಿಯುತ್ತಿತ್ತು. ಮಂಡಿ ಸವೆದವರಿಗೆ ಬಂಡಿಯ ಗಾಲಿಗೆ ಕೀಲೆಣ್ಣೆ ಆರಿದೆ ಎನ್ನುವಳು. ದಮ್ಮಿನವರಿಗೆ ಊದುಗೊಳವೆಯಲ್ಲಿ ಬೂದಿ ಕಟ್ಟಿದೆ ಎನ್ನುವಳು. “ಯಾವ ಕಾಲೇಜಿನಾಗ ಕಲ್ತೀರಿ ಮರೆವ್ವ?” ಎಂದು ಕೆಣಕಿದರೆ, “ನೀವು ಹೇಳಿದ್ದು ಅವರಿಗೆ ತಿಳಿದಿದ್ರ ನಾ ಯಾಕ ಬಾಯಿ ಹಾಕ್ತಿದ್ದೆ, ಸಿಸ್ಟರ್?” ಎನ್ನುತ್ತಿದ್ದಳು.

ಹೋದ ಜನವರಿಯಲ್ಲಿ ಸಂಗೊಳ್ಳಿಯ ನಿಜಗುಣಪ್ಪ ಎದೆನೋವೆಂದು ಬಂದರು. ಡಾಕ್ಟರು ಇಸಿಜಿ ನೋಡಿ, ಎದೆಯ ರಕ್ತನಾಳ ಕಟ್ಟಿಕೊಂಡಂತಿದೆ, ಇವತ್ತೇ ಬೆಳಗಾವಿಗೆ ಹೋಗಿ ಎಂದರು. ನಿಜಗುಣಪ್ಪ ಹೊರಗೆ ಬಂದು ಬೆಂಚಿನ ಮೇಲೆ ಪಿಳಿಪಿಳಿ ಕಣ್ಣು ಬಿಡುತ್ತ ಕುಳಿತರು. ಮರೆವ್ವ ಹೋಗಿ ಬಿಡಿಸಿ ಹೇಳಿದಳು.

“ಕಾಲುವ್ಯಾಗ ಹೂಳು ತುಂಬೇತಿ ಅಣ್ಣಾರ. ನೀರು ಹೊಲದ ಕೊನಿ ಮುಟ್ಟವಲ್ದು. ಹೂಳು ತಗಸಬೇಕು.”

“ಇಷ್ಟ ಏನು!” ಅವರ ಮುಖ ಅರಳಿತು. ಎದ್ದು ಹೋದರು.

ಹೋದದ್ದು ಬೆಳಗಾವಿಗಲ್ಲ, ಊರಿಗೆ. ಮರುದಿನ ಅವರ ಹೆಂಡತಿ ಸೋಮವ್ವ, ಡಾಕ್ಟರು ಕೊಟ್ಟ ಗುಳಿಗೆ ಊಟಕ್ಕೆ ಮೊದಲೋ ಆಮೇಲೋ ಎಂದು ಫೋನ್ ಮಾಡಿ ಕೇಳಿದಾಗ ನಮಗೆ ಗೊತ್ತಾಯಿತು. “ಕಬ್ಬು ಕಡಿಯೂದು ಮುಗೀಲಿ ಅಂತಾರ್ರಿ. ಬೆಳಿ ಇದ್ದಾಗ ಯಾರೂ ಹೂಳು ತಗಿಯೂದಿಲ್ಲಂತ.” ಹೌದಲ್ಲ, ನಮ್ಮ ಕಡೆ ಬೆಳೆ ಕೊಯ್ದು ನೀರು ಬಂದ್ ಆದ ಮೇಲೆಯೇ ಕಾಲುವೆಯ ಹೂಳೆತ್ತುವುದು. ಹುಟ್ಟಾ ರೈತ, ಬೇರೆ ಹೇಗೆ ಯೋಚಿಸಿಯಾರು!

ನನಗೆ ಸಿಟ್ಟು ನೆತ್ತಿಗೇರಿತು. “ಬಾಯಿ ಹಾಕಿದ್ದಕ್ಕ ಸಮಾಧಾನ ಆತೇನು?” ಎಂದು ಎಲ್ಲರೆದುರು ಕೇಳಿಬಿಟ್ಟೆ. ಮರೆವ್ವ ಕಸಬರಿಗೆ ಗೋಡೆಗೆ ಆನಿಸಿ, ಡಾಕ್ಟರ ಮುಂದೆ ಹೋಗಿ ಆಂಬುಲೆನ್ಸ್ ಕೇಳಿದಳು. ಅವರು ನನ್ನನ್ನೂ ಜೊತೆಗೆ ಕಳಿಸಿದರು.

ನಿಜಗುಣಪ್ಪ ಹೊಲದಲ್ಲಿದ್ದರು. ಕಬ್ಬು ಕಡಿಯುವ ಗ್ಯಾಂಗಿನವರ ನಡುವೆ, ಎಡಗೈಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. “ಬಾ ತಂಗಿ, ಕಬ್ಬು ತಿನ್ನು. ಇನ್ನ ಎಂಟ ದಿನಾ ಅಷ್ಟ. ಎಂಟ ದಿನ ನೀರಿಲ್ಲಂದ್ರ ಬೆಳಿ ಏನ ಸಾಯೂದಿಲ್ಲ,” ಎಂದರು.

“ನಾ ಅರ್ಧಾನ ಹೇಳಿದೆ ಅಣ್ಣಾರ, ತಪ್ಪಾತು. ಹೊಲ ಒಣಗಿದ್ರ ಮತ್ತ ಮಳಿಗೆ ಚಿಗೀತೈತಿ. ಎದಿ ಒಣಗಿದ್ರ ಚಿಗಿಯೂದಿಲ್ಲ.” ಮರೆವ್ವ ಅವರ ಎದುರಿಗೆ ಬಂದು ನಿಂತಳು. “ನನ್ನ ಗಂಡಗ ಡಾಕ್ಟರು ಹೇಳಿದ್ದು ನಮಗ ಒಂದೂ ತಿಳೀಲಿಲ್ಲ. ಮನೀಗೆ ಕರಕೊಂಡು ಬಂದ್ವಿ. ಮೂರು ದಿನಕ್ಕ ಹ್ವಾದ. ಅದಕ್ಕ ಕಂಡಕಂಡವರಿಗೆ ಬಿಡಿಸಿ ಹೇಳ್ತೇನಿ. ಈಗ ನಿಮ್ಮನ್ನ ನಾನ ಕೊಲ್ಲಬೇಕೇನು?”

ಅವಳ ಗಂಡನ ಸಂಗತಿ ನನಗೆ ಗೊತ್ತಾದದ್ದು ಅಂದೇ. ಆರು ವರ್ಷ ಜೊತೆಗೆ ಕೆಲಸ ಮಾಡಿಯೂ ಕೇಳಿರಲಿಲ್ಲ, ನಾಚಿಕೆಯಾಯಿತು. ನಿಜಗುಣಪ್ಪ ನಿಂತ ಕಬ್ಬನ್ನು ಒಮ್ಮೆ ನೋಡಿದರು. ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಆಂಬುಲೆನ್ಸ್ ಹತ್ತಿದರು.

ಬೆಳಗಾವಿಯಲ್ಲಿ ಸ್ಟೆಂಟ್ ಹಾಕಿದರು. ಇಪ್ಪತ್ತು ದಿನಕ್ಕೆ ನಿಜಗುಣಪ್ಪ ತಾವೇ ನಡೆದು ನಮ್ಮ ಆಸ್ಪತ್ರೆಗೆ ಬಂದರು. ಮರೆವ್ವ ನೆಲ ಒರೆಸುತ್ತಿದ್ದಳು.

“ತಂಗಿ, ನೀರು ಕೊನಿ ಮುಟ್ಟೇತಿ ನೋಡು.”

“ಹಸೀ ನೆಲಾ ತುಳೀಬ್ಯಾಡ್ರಿ, ಆಚೆ ಸರೀರಿ,” ಎಂದು ಗದರಿದಳು. ಆಮೇಲೆ ಅದೇ ಹಸಿ ನೆಲದ ಮೇಲೆ ಕುಳಿತು ಬಿಕ್ಕಿಬಿಕ್ಕಿ ಅತ್ತಳು.