ಸೂತಕದ ಡೇರೆಯಲ್ಲಿ ಕಾರ್ಬುರೇಟರ್

ಅಡಿಸ್ ಅಬಾಬಾದಲ್ಲಿ ಹಳೇ ಬೀಟಲ್ ಕಾರಿಗೇನೂ ಬರವಿಲ್ಲ, ಆದರೆ ನಮ್ಮ ಓಣಿಯ ಅಯಲೆವ್‌ನಂತೆ ಕಾರಿಗೆ ದಾಸನಾದವನು ಇನ್ನೊಬ್ಬನಿಲ್ಲ. ಧೂಳಾದೀತೆಂದು ಕಾರನ್ನು ಮನೆಯಲ್ಲೇ ಬಿಟ್ಟು, ಕಾರಿನ ಸಾಮಾನು ಹುಡುಕಲು ಮೆರ್ಕಾಟೊ ಸಂತೆಗೆ ನಡೆದೇ ಹೋಗುತ್ತಾನೆ. ಚಳಿ ಬಿದ್ದರೆ ಹೆಂಡತಿಯ ಕಂಬಳಿ ಕಾರಿಗೆ, ಕಾರಿನ ಪ್ಲಾಸ್ಟಿಕ್ ಹೊದಿಕೆ ಹೆಂಡತಿಗೆ. ಒರಿಜಿನಲ್ ಅಲ್ಲದ ಒಂದು ಸ್ಕ್ರೂ ಕೂಡ ಅವನಿಗೆ ಮೈಲಿಗೆ. ಬೀಟಲ್ ಇದ್ದವರು ಯಾರು ಸತ್ತರೂ ಸತ್ತವರ ಮನೆ ಮುಂದೆ ಬೀದಿಯಲ್ಲಿ ಹಾಕುವ ಸೂತಕದ ಡೇರೆಗೆ ಮೊದಲು ಬರುವವನು, ಎಲ್ಲರಿಗಿಂತ ಜೋರಾಗಿ ಅಳುವವನು ಇವನೇ. "ಎಂಥಾ ದೇವರಂಥ ಮನುಷ್ಯ!" ಎಂದು ಮೂಗು ಒರೆಸಿಕೊಂಡು, ಸತ್ತವನ ಹೆಂಡತಿಯ ಕಡೆ ತಿರುಗಿ, "ಅಂದಹಾಗೆ ಅಕ್ಕಾ, ಕಾರ್ಬುರೇಟರ್ ಒರಿಜಿನಲ್ಲೇ ತಾನೆ?" ಎನ್ನುತ್ತಾನೆ. ಜ್ವರ ಬಂದು ಮಲಗಿದ ಬೀಟಲ್ ಮಾಲೀಕರು ಇವನು ನೋಡಲು ಬಂದರೆ ಗಾಬರಿಯಿಂದ ಎದ್ದು ಕೂರುತ್ತಾರೆ. ಇವನ ಪರಮ ವೈರಿ ಶಿಫೆರಾವ್. ಅವನದೂ ಅದೇ ವರ್ಷದ ಬೀಟಲ್, ಎಡಗನ್ನಡಿಯೊಂದು ಬಿಟ್ಟು ಎಲ್ಲ ಒರಿಜಿನಲ್. ಆ ಒರಿಜಿನಲ್ ಕನ್ನಡಿ ಇದ್ದದ್ದು ಇಡೀ ಊರಿಗೆ ಒಂದೇ, ಅಯಲೆವ್‌ನ ಕಾರಿನಲ್ಲಿ. "ಕೊಡೋ, ಸಾಯೋದ್ರೊಳಗೆ ಒಂದ್ಸಲ ಹಾಕ್ಕೋತೀನಿ" ಎಂದು ಶಿಫೆರಾವ್ ಕೇಳಿದಾಗಲೆಲ್ಲ ಇವನು, "ಮೊದಲು ಸಾಯಿ, ಆಮೇಲೆ ನಿನ್ನ ಕಾರೇ ನಂದು" ಎನ್ನುತ್ತಿದ್ದ. ಹೋದ ತಿಂಗಳು ಶಿಫೆರಾವ್ ಸತ್ತೇಹೋದ. ಅಯಲೆವ್ ಸ್ಪ್ಯಾನರ್ ಹಿಡಿದು ಬಂದದ್ದು ನೋಡಿ ಡೇರೆಯಲ್ಲಿದ್ದವರೆಲ್ಲ, "ಥೂ, ಹೆಣ ಎತ್ತೋವರೆಗಾದ್ರೂ ತಡಿಯೋ!" ಎಂದು ಬೈದರು. ಅವನು ಸೀದಾ ಶಿಫೆರಾವ್‌ನ ಕಾರಿನ ಹತ್ತಿರ ಹೋದ, ಆವತ್ತು ಅಳಲೂ ಇಲ್ಲ. ಹೆಣದ ಹಿಂದೆ ಶಿಫೆರಾವ್‌ನ ಬೀಟಲ್ ಹೊರಟಾಗ ಅದರ ಎಡಗನ್ನಡಿ ಒರಿಜಿನಲ್ ಆಗಿತ್ತು. ಈಗ ಅಯಲೆವ್‌ನ ಕಾರಿಗೆ ಎಡಗಡೆ ಕನ್ನಡಿಯೇ ಇಲ್ಲ. "ಡೂಪ್ಲಿಕೇಟಾದ್ರೂ ಹಾಕ್ಸೋ ಮಾರಾಯ" ಎಂದರೆ, "ಬೇಡಪ್ಪ, ಶಿಫೆರಾವ್ ನಗ್ತಾನೆ" ಎನ್ನುತ್ತಾನೆ.