ಕೇಳದೆ ಬಂದ ಕಷಾಯ

ಆ ದಿನ ದೊಡ್ಡವ್ವ ನಿಜವಾಗಿ ಏನು ಹೇಳಿದಳೋ ನನಗೀಗ ಖಾತ್ರಿಯಿಲ್ಲ. "ಗುಳಿಗಿ ತಿಪ್ಪಿಗೆ ಒಗದು ಇದನ್ನ ಕುಡಿ" ಎಂದಳೆಂದು ಏಳೆಂಟು ವರ್ಷ ಕಾಲೇಜಿನ ಸ್ಟಾಫ್ ರೂಮಿನಲ್ಲಿ ನಗುತ್ತ ಹೇಳಿದ್ದೇನೆ. ಹೇಳಿ ಹೇಳಿ ಕಥೆ ನುಣುಪಾಗಿದೆ. ನಡೆದದ್ದೋ, ನಾನೇ ಉಜ್ಜಿ ಮಾಡಿದ್ದೋ ತಿಳಿಯದು.

ಚಿಕೂನ್‌ಗುನ್ಯ ಬಂದು ಕೊಪ್ಪಳದ ಮನೆಯಲ್ಲಿ ಮಲಗಿದ್ದೆ. ಕೀಲುಗಳು ಒಂದೊಂದಾಗಿ ಮುಷ್ಕರ ಹೂಡಿದ್ದವು. ಅಳವಂಡಿಯಿಂದ ದೊಡ್ಡವ್ವ ಡಬ್ಬಿಯಲ್ಲಿ ಅಮೃತಬಳ್ಳಿ, ಶುಂಠಿ, ಮೆಣಸಿನ ಕಷಾಯ ತಂದಳು. ಊರಲ್ಲಿ ಅವಳದೊಂದು ನೇಮ: ಬಂದು ಕೇಳಿದವರಿಗಷ್ಟೇ ಔಷಧ, ಕೇಳದವರ ಬಾಗಿಲಿಗೆ ಒಯ್ದರೆ ಗುಣ ಹತ್ತುವುದಿಲ್ಲ. ನನಗಾಗಿ ಅದನ್ನು ಮುರಿದಿದ್ದಳು.

ನೋಡಲು ಬಂದ ಸಹೋದ್ಯೋಗಿಗಳ ಎದುರು ನನ್ನ ರಸಾಯನಶಾಸ್ತ್ರದ ಎಂ.ಎಸ್ಸಿ. ಸುಮ್ಮನಿರಬೇಕಲ್ಲ. "ದೊಡ್ಡವ್ವಾ, ವೈರಸ್ ಅಂದ್ರ ಏನಂತ ನಿನ್ನ ಬಳ್ಳಿಗೆ ಗೊತ್ತೈತೇನ?" ಎಂದೆ. ಎಲ್ಲರೂ ನಕ್ಕರು.

"ನನಗ ವೈರಸ್ ಗೊತ್ತಿಲ್ಲ ತಮ್ಮಾ, ನಿನ್ನ ಮೈ ಗೊತ್ತೈತಿ. ಸಣ್ಣಾಂವ ಇದ್ದಾಗ ಕಹಿ ಅಂದ್ರ ಮಾಳಿಗಿ ಹತ್ತತಿದ್ದಿ," ಎಂದಳು. ಮುಂದೆ ಗುಳಿಗೆಯ ಮಾತು ತೆಗೆದಳು; ಮುಗಿಸಲು ನಾನು ಬಿಡಲಿಲ್ಲ. ಅವಳು ಲೋಟ ತರಲು ಅಡುಗೆಮನೆಗೆ ಹೋದಾಗ ಕಷಾಯವನ್ನು ಬಚ್ಚಲಿಗೆ ಸುರಿದೆ. ಮೆಣಸಿನ ಘಾಟು ಮುಚ್ಚಿಡುವಂಥದ್ದಲ್ಲ. ಖಾಲಿ ಡಬ್ಬಿ ಎತ್ತಿಕೊಂಡು, "ಬರ್ತೀನಪ" ಎಂದು ಹೋದಳು.

ಅಮೃತಬಳ್ಳಿ ವೈರಸ್ ಕೊಲ್ಲುತ್ತದೆಂದು ನಾನು ಇಂದೂ ಒಪ್ಪುವುದಿಲ್ಲ. ಆದರೆ ಡಾಕ್ಟರ ಗುಳಿಗೆಯೂ ಕೊಲ್ಲುತ್ತಿರಲಿಲ್ಲ; ಜ್ವರ, ನೋವು ತಗ್ಗಿಸುತ್ತಿತ್ತಷ್ಟೇ. ಉಳಿದದ್ದನ್ನು ಮೈಯೇ ಮಾಡಿಕೊಳ್ಳಬೇಕು. ಅದಕ್ಕೆ ಜತೆಯಾಗಲೆಂದು ಡಬ್ಬಿ ಹಿಡಿದು ಬಂದವಳ ಮೇಲೆ ನನಗೇಕೆ ಅಷ್ಟು ಸಿಟ್ಟು?

ಹೋದ ತಿಂಗಳು ನೆಗಡಿಯ ನೆಪದಲ್ಲಿ ಅಳವಂಡಿಗೆ ಹೋಗಿ, ಮೊದಲ ಸಲ ಕಷಾಯ ಕೇಳಿದೆ.

"ಬಳ್ಳಿ ಆವಾಗ್ಲೇ ಕಿತ್ತ ಒಗದೀನಪ. ಯಾರಿಗೂ ಕೊಡಂಗಿಲ್ಲ ಈಗ. ಡಾಕ್ಟ್ರ ಹಂತ್ಯಾಕ ಹೋಗು," ಎಂದಳು. ಮಾತಿನಲ್ಲಿ ಕೊಂಕಿರಲಿಲ್ಲ, ಅದೇ ಚುಚ್ಚಿತು.

ಹೋದೆ. ನನ್ನ ಹಳೆಯ ಡಾಕ್ಟರು ಕೇಳಿದ ಮೊದಲ ಮಾತು: "ನಿಮ್ಮ ದೊಡ್ಡವ್ವ ಹೆಂಗದಾರ್ರಿ? ನಿಮಗ ಚಿಕೂನ್‌ಗುನ್ಯ ಬಂದಾಗ ಬಳ್ಳಿ ತುಂಡು ಹಿಡಕೊಂಡು ಬಂದಿದ್ರು. ಗುಳಿಗಿ ಜೋಡಿ ಕೊಟ್ರ ತ್ರಾಸ ಇಲ್ಲಲ್ಲ ಅಂತ ಕೇಳಿದ್ರು. ಚೀಟಿ ಬರದು ಕೊಟ್ಟಿದ್ನಲ್ಲ?"

ಅವರ ನೆನಪನ್ನೂ ನಾನು ನಂಬಲಿಲ್ಲ. ಮನೆಗೆ ಬಂದು ಹಳೆಯ ರಿಪೋರ್ಟುಗಳ ಫೈಲು ಬಿಚ್ಚಿದೆ. ಗುಳಿಗೆಯ ಖಾಲಿ ಪಟ್ಟಿಯ ಜತೆ, ನಾಲ್ಕು ಮಡಿಕೆಯಾಗಿ, ದೊಡ್ಡವ್ವ ಇಟ್ಟುಹೋಗಿದ್ದ, ನಾನು ಒಮ್ಮೆಯೂ ಓದದ ಚೀಟಿ ಇತ್ತು. ಡಾಕ್ಟರದೇ ಅಕ್ಷರ: "ಗುಳಿಗೆ ಬಿಡಬಾರದು. ಕಷಾಯ ಸ್ವಲ್ಪ, ಎರಡು ತಾಸು ಬಿಟ್ಟು."