ಚುಕ್ಕೆಯಿಲ್ಲದ ಎಲೆ

ಎಲೆಯ ಮೇಲೆ ಒಂದು ಚುಕ್ಕೆ ಕಂಡರೂ ಬಾಯಾರು ಊರಿನ ಮೋಹಿನಿಯಕ್ಕನಿಗೆ ಪಿತ್ತ ನೆತ್ತಿಗೇರುತ್ತಿತ್ತು. ಇಪ್ಪತ್ತು ವರ್ಷದಿಂದ ಅಮೃತಬಳ್ಳಿಯ ಸಸಿ ಮಾಡಿ ಮಾರುವವರು ಅವರು. ಕೊಳೆರೋಗ ಬಾರದಿರಲೆಂದು ಸಸಿಗಳಿಗೆಲ್ಲ ತಪ್ಪದೆ ಮೈಲುತುತ್ತಿನ ಮದ್ದು ಬಿಡುತ್ತಿದ್ದರು. ಆದರೂ ಈ ವರ್ಷ ಕೊಂಡುಹೋದವರೆಲ್ಲ ಬಿಡದ ಮಳೆಗೆ ಸಸಿ ಕೊಳೆಯಿತೆಂದು ಫೋನ್ ಮಾಡುತ್ತಿದ್ದರು.

ಸಸಿಗಳಿಗೆಲ್ಲ ಮೂಲವಾದ, ನಾಗಬನದ ಅಂಚಿನ ತಾಯಿಬಳ್ಳಿಗೆ ಮಾತ್ರ ಅವರು ಮದ್ದು ಸೋಕಿಸುತ್ತಿರಲಿಲ್ಲ. ಅದರಿಂದ ಒಂದು ತುಂಡು ಕೊಯ್ಯಬೇಕಾದರೂ ಹಿಂದಿನ ದಿನವೇ ಬುಡಕ್ಕೆ ನಾಲ್ಕು ಕಾಳು ಅಕ್ಕಿ ಹಾಕಿ, "ನಾಳೆ ಬರುತ್ತೇನೆ" ಎಂದು ಹೇಳಿ ಬರುವುದು ಅವರ ಕ್ರಮ.

ಕಳೆದ ತಿಂಗಳು ಕಾಲೇಜಿನಲ್ಲಿ ಸಂಶೋಧನೆ ಮಾಡುವ ಸ್ಪಂದನಾ ಹೇಳದೆ ಕೇಳದೆ ತಾಯಿಬಳ್ಳಿಯಿಂದಲೂ ಸಸಿಗಳಿಂದಲೂ ಎಲೆ ಕಿತ್ತುಕೊಂಡು ಹೋಗಿದ್ದಳು. ಇವತ್ತು ಎರಡು ಗಾಜಿನ ತಟ್ಟೆ ಹಿಡಿದು ಬಂದಳು. ಎರಡರಲ್ಲೂ ಕೊಳೆರೋಗದ ಬೂಷ್ಟು ಬೆಳೆಸಿ, ನಡುವೆ ತೊಳೆದ ಎಲೆಯ ಚೂರು ಇಟ್ಟಿದ್ದಳು. ತಾಯಿಬಳ್ಳಿಯ ಚೂರಿನ ಹತ್ತಿರ ಬೂಷ್ಟು ಸುಳಿದಿರಲಿಲ್ಲ. ಸಸಿಯ ಚೂರನ್ನು ಅದು ಪೂರ್ತಿ ನುಂಗಿತ್ತು.

"ಬಳ್ಳಿಯ ಒಳಗೇ ಒಂದು ಶಿಲೀಂಧ್ರ ಉಂಟು ಅಕ್ಕ. ಅದು ಬಿಡುವ ರಸವೇ ಬಳ್ಳಿಯನ್ನು ಕಾಯುವುದು. ನಿಮ್ಮ ಮದ್ದಿಗೆ ಸಸಿಗಳ ಒಳಗಿನದ್ದು ಸತ್ತಿದೆ."

"ಇನ್ನು ಎಂತ ಮಾಡುವುದು?"

"ತಾಯಿಬಳ್ಳಿಯಿಂದ ಹೊಸ ಸಸಿ ಮಾಡುವ. ತಾಯಿಬಳ್ಳಿಗೆ ಮದ್ದು ಮುಟ್ಟದಿದ್ದರೆ ಸಾಕು."

ಮೋಹಿನಿಯಕ್ಕ ನಾಗಬನದ ಕಡೆಗೆ ತಿರುಗಿದರು. ಸ್ಪಂದನಾ ಎಲೆ ಕಿತ್ತ ಗಾಯದಲ್ಲಿ ಕೊಳೆ ಸೇರೀತೆಂದು ಹೆದರಿ, ಬುಡಕ್ಕೆ ಅಕ್ಕಿ ಹಾಕಿ, ತಪ್ಪಾಯಿತೆಂದು ಕೈಮುಗಿದು, ಅವರು ಈ ತಿಂಗಳಲ್ಲಿ ನಾಲ್ಕು ಸಲ ತಾಯಿಬಳ್ಳಿಗೆ ಮದ್ದು ಬಿಟ್ಟಿದ್ದರು. ಬನದ ಅಂಚಿನಲ್ಲಿ ಅದು ಹಿಂದೆಂದೂ ಇಲ್ಲದಷ್ಟು ಹಸಿರಾಗಿ, ಒಂದು ಚುಕ್ಕೆಯೂ ಇಲ್ಲದೆ ನಿಂತಿತ್ತು.